ಬಿಳಿ ಸಿಂಕೂ ಕಲಗಚ್ಚಿನ ಬಕೆಟ್ಟೂ

ನಮ್ಮ ಹಿತ್ತಲ ಗೋಡೆಯ ಮೇಲೆ, ನೆಲದಿಂದ ಸುಮಾರು ಎರಡೂವರೆ ಅಡಿ ಎತ್ತರದಲ್ಲಿ, ಒಂದು ಅಂಗೈ ಗುರುತಿತ್ತು. ಯಾರೂ ಬೇಕೆಂದು ಒತ್ತಿದ್ದಲ್ಲ. ಪಾತ್ರೆ ತೊಳೆಯುವ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂರುವ ಅವ್ವ, ಕೆಲಸ ಮುಗಿದ ಮೇಲೆ ಎದ್ದೇಳಲು ಎಡಗೈಯನ್ನು ಆ ಗೋಡೆಗೆ ಊರುತ್ತಿದ್ದಳು. ದಿನಕ್ಕೆ ಎರಡು ಮೂರು ಸಲ, ಅದೇ ಜಾಗದಲ್ಲಿ. ಪ್ರತಿ ವರ್ಷ ಸುಣ್ಣ ಹಚ್ಚಿದಾಗ ಮರೆಯಾಗುವ ಗುರುತು ಕೆಲವೇ ವಾರಗಳಲ್ಲಿ ಮತ್ತೆ ಮೂಡುತ್ತಿತ್ತು. ನಾನು ಹೈಸ್ಕೂಲಿನಲ್ಲಿದ್ದಾಗ ಅಲ್ಲಿ ಬೆರಳ ತುದಿಗಳಷ್ಟೇ ಕಾಣುತ್ತಿದ್ದವು. ಎಂ.ಎಸ್ಸಿ. ಮುಗಿಸಿ ಬಳ್ಳಾರಿಯಿಂದ ಕೂಡ್ಲಿಗಿಗೆ ವಾಪಸಾದ ವರ್ಷ ನೋಡಿದರೆ ಇಡೀ ಅಂಗೈ ಇತ್ತು. ಗೋಡೆಯ ಮೇಲೆ ಬೀಳುವ ಭಾರ ಹೆಚ್ಚಾಗಿದೆ ಎಂದು ಅದಕ್ಕೆ ಅರ್ಥ. ಅವ್ವ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ.

ಮನೆಯಲ್ಲಿ ನಾವು ಮೂವರು. ಅಪ್ಪನ ತಾಯಿಯಾದ ಅಜ್ಜಿ, ಅವ್ವ, ನಾನು. ಅಪ್ಪ ತೀರಿಕೊಂಡು ಬಹಳ ವರ್ಷಗಳಾಗಿವೆ. ಅವ್ವ ಅಂಗನವಾಡಿಯಲ್ಲಿ ಸಹಾಯಕಿ. ಹಗಲು ಅಲ್ಲಿ ಮಕ್ಕಳ ತಟ್ಟೆ ತೊಳೆದು ಬಂದು ಸಂಜೆ ಇಲ್ಲಿ ನಮ್ಮ ಮುಸುರೆ ತಿಕ್ಕುತ್ತಾಳೆ. ನಾನು ಕೊಟ್ಟೂರಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತೇನೆ.

ಮಂಡಿ ನೋವಿಗೆಂದು ಅವ್ವನನ್ನು ಡಾಕ್ಟರ ಹತ್ತಿರ ಕರೆದೊಯ್ದೆ. ಅವರು ಎರಡೂ ಮಂಡಿ ಒತ್ತಿ ನೋಡಿ, ಎಕ್ಸ್‌ರೇ ಫೋಟೋ ತೆಗೆಸಿ, ಒಂದೇ ಮಾತು ಹೇಳಿದರು. "ಅವ್ವಾರ, ಮಾತ್ರಿ ಕೊಡ್ತೀನಿ. ಆದ್ರ ಇನ್ನ ಮ್ಯಾಲ ಕುಕ್ಕರಗಾಲಾಗ ಕುಂದ್ರಬ್ಯಾಡ್ರಿ. ಕುಂತ್ರ ನನ್ನ ಮಾತ್ರಿ ದಂಡ."

"ಆತ್ರಿ," ಅಂದಳು ಅವ್ವ. ಮನೆಗೆ ಬಂದು ಸೀರೆ ಬದಲಿಸಿ, ಸೀದಾ ಹಿತ್ತಲಿಗೆ ಹೋಗಿ ಕುಕ್ಕರಗಾಲಲ್ಲಿ ಕೂತಳು.

"ಡಾಕ್ಟರು ಏನಂದ್ರು?" ಎಂದು ಬಾಗಿಲಲ್ಲಿ ನಿಂತು ಕೇಳಿದೆ.

"ಅವರ ಮನ್ಯಾಗ ಮುಸುರಿ ಯಾರು ತಿಕ್ಕತಾರ ಕೇಳಬೇಕಿತ್ತು," ಅಂದಳು.

ಆ ವರ್ಷವೇ ಅಡುಗೆಮನೆಯ ಮಾಳಿಗೆ ಸೋರುತ್ತಿತ್ತೆಂದು ಅದನ್ನು ತೆಗೆಸಿ ಹೊಸದಾಗಿ ಕಟ್ಟಿಸುವುದಿತ್ತು. ಅವ್ವ ನಿಂತು ಪಾತ್ರೆ ತೊಳೆಯಬೇಕು, ಬೆನ್ನು ಬಾಗದೆ ತೊಳೆಯಬೇಕು ಎಂದು ನಾನು ಆಗಲೇ ತೀರ್ಮಾನ ಮಾಡಿದೆ. ಯಾರಿಗೂ ಹೇಳಲಿಲ್ಲ. ತೀರ್ಮಾನಗಳನ್ನು ಮೊದಲೇ ಹೇಳಿದರೆ ನಮ್ಮ ಮನೆಯಲ್ಲಿ ಅವು ಚರ್ಚೆಯಾಗುತ್ತವೆ.

ನಮ್ಮೂರಲ್ಲಿ ಹೊಸ ಮನೆ ಕಟ್ಟಿದವರು ಸ್ಟೀಲಿನ ಸಿಂಕು ಹಾಕಿಸುತ್ತಾರೆ. ಕಟ್ಟೆಯ ಕಪ್ಪು ಕಲ್ಲನ್ನು ಕೊರೆದು ಅದರೊಳಗೆ ಇಳಿಬಿಡುತ್ತಾರೆ. ಹಗರಿಬೊಮ್ಮನಹಳ್ಳಿಯ ಚಿಕ್ಕವ್ವನ ಮನೆಯಲ್ಲೂ ಅಂಥದ್ದೇ ಇದೆ. ಅಲ್ಲಿಗೆ ಹೋದಾಗಲೆಲ್ಲ ಅವ್ವ ಹತ್ತು ನಿಮಿಷ ಪಾತ್ರೆ ತೊಳೆದು, ಸೊಂಟ ಹಿಡಿದುಕೊಂಡು, "ನಿಂತು ತೊಳಿಯಾದು ನಮ್ಮಂಥೋರಿಗಲ್ಲ" ಎನ್ನುತ್ತಿದ್ದಳು. ಒಮ್ಮೆ ಉಳಿದವರು ಊಟಕ್ಕೆ ಕೂತಿದ್ದಾಗ ನಾನು ಟೇಪು ಹಿಡಿದು ಆ ಕಟ್ಟೆಯನ್ನು ಅಳೆದೆ. ಕಾರಣ ಗೊತ್ತಾಯಿತು. ಸಿಂಕಿಗೂ ತೊಳೆಯುವವಳ ಹೊಟ್ಟೆಗೂ ನಡುವೆ ನಾಲ್ಕೂವರೆ ಇಂಚು ಅಗಲದ ಕಲ್ಲಿನ ಪಟ್ಟಿ ಇತ್ತು. ಅಷ್ಟು ದೂರ ಕೈ ಚಾಚಬೇಕೆಂದರೆ ಗಿಡ್ಡ ಹೆಂಗಸು ಬಾಗಲೇಬೇಕು. ಹತ್ತು ನಿಮಿಷ ಬಾಗಿದರೆ ಸೊಂಟ ಹಿಡಿಯಲೇಬೇಕು.

ಆಮೇಲೆ ಹಲವು ದಿನ ಬಸ್ಸಿನಲ್ಲಿ ಕೂತು ಫೋನಿನಲ್ಲಿ ಸಿಂಕುಗಳನ್ನು ನೋಡಿದೆ. ಪಕ್ಕದಲ್ಲಿ ಕೂತವರು ಸೀರೆಯನ್ನೋ ಬಂಗಾರವನ್ನೋ ನೋಡುತ್ತಿದ್ದೇನೆಂದು ಬಗ್ಗಿ ನೋಡಿ, ಬೇಜಾರಾಗಿ ಮುಖ ತಿರುಗಿಸುತ್ತಿದ್ದರು. ಕೊನೆಗೆ ಒಂದು ಸಿಕ್ಕಿತು. ಬಿಳಿ, ಆಳವಾದದ್ದು. ಸುಟ್ಟ ಮಣ್ಣಿಗೆ ಗಾಜಿನಂಥ ಹೊಳಪು ಕೊಟ್ಟದ್ದು. ಅದರ ವಿಶೇಷ ಬಣ್ಣವಲ್ಲ. ಅದರ ಮುಂದೆ ಕಲ್ಲಿನ ಪಟ್ಟಿಯೇ ಇರುವುದಿಲ್ಲ. ಸಿಂಕಿನ ಮುಂಗೋಡೆಯೇ ಕಟ್ಟೆಯಿಂದ ಹೊರಗೆ ಕಾಣುತ್ತದೆ, ನಿಂತವರ ಹೊಟ್ಟೆಗೆ ತಾಗುತ್ತದೆ. ಕೈ ಚಾಚುವ ದೂರ ಒಂದು ಇಂಚೂ ಇಲ್ಲ.

ಹೊಸಪೇಟೆಯ ಅಂಗಡಿಯೊಂದರಲ್ಲಿ ಅಂಥದು ಇದೆಯೆಂದು ತಿಳಿದು, ಒಂದು ಶನಿವಾರ ಅವ್ವನನ್ನು ಕರೆದುಕೊಂಡು ಹೋದೆ. ಉದ್ದನೆಯ ಅಂಗಡಿ. ಎರಡೂ ಕಡೆ ಸಾಲಾಗಿ ಕಮೋಡುಗಳು, ಕೈ ತೊಳೆಯುವ ಬೇಸಿನ್ನುಗಳು. ಹಿಂದಿನ ಮೂಲೆಯಲ್ಲಿ, ಎರಡು ಕಮೋಡುಗಳ ನಡುವೆ, ನಾವು ನೋಡಲು ಬಂದದ್ದು ಗೋಡೆಗೆ ಒರಗಿ ಕೂತಿತ್ತು.

"ರೆಸಾರ್ಟಿನೋರಿಗೆ ಅಂತ ತರಿಸಿದ್ವಿ ಮೇಡಂ, ಒಂದು ಉಳೀತು," ಅಂದರು ಅಂಗಡಿಯವರು. "ಫಾರ್ಮ್‌ಹೌಸ್ ಸಿಂಕ್ ಅಂತಾರ ಇದಕ್ಕ."

"ಹಂಗಂದ್ರ?" ಎಂದಳು ಅವ್ವ.

"ಹೊಲದ ಮನಿ ಅವ್ವಾರ. ಹೊಲದ ಮನ್ಯಾಗ ಹಾಕೋ ಅಂಥಾದ್ದು."

"ಯಾರ ಹೊಲದಾಗ್ರಿ ಇದು ಇರಾದು? ನಾವು ಹೊಲಕ್ಕ ಹೋದ್ರ ಒಂದ ತಂಬಿಗಿ ನೀರಾಗ ಕೈನೂ ತೊಳಿತೀವಿ, ತಾಟೂ ತೊಳಿತೀವಿ, ಉಳದಿದ್ದು ಕುಡಿತೀವಿ."

ಅಂಗಡಿಯವರು ನಕ್ಕರು. ಅವ್ವ ನನ್ನ ಕಿವಿಯ ಹತ್ತಿರ ಬಾಗಿ, ಪಕ್ಕದ ಕಮೋಡನ್ನು ಕಣ್ಣಲ್ಲೇ ತೋರಿಸಿ, "ಅದರ ತಂಗಿ ಇದ್ದಂಗ ಐತಲ್ಲೇ," ಅಂದಳು.

ನಾನು ಸಿಂಕನ್ನು ಪೆಟ್ಟಿಗೆಗಳ ಮೇಲೆ ಏರಿಸಲು ಹೇಳಿದೆ. ಇಬ್ಬರು ಸೇರಿ ಎತ್ತಿ ಇಟ್ಟರು. ಟೇಪಿನಲ್ಲಿ ಎತ್ತರ ನೋಡಿ ಕೆಳಗೆ ಇನ್ನೊಂದು ಹಲಗೆ ಕೊಡಿಸಿದೆ. "ಅವ್ವಾ, ಇದರ ಮುಂದ ನಿಂದ್ರು. ಪಾತ್ರಿ ತೊಳಿಯಂಗ ಮಾಡು."

"ಎಲ್ಲಾರೂ ನೋಡಾಕತ್ತಾರ."

"ನೋಡ್ಲಿ."

ಅವ್ವ ಸೆರಗು ಸರಿಮಾಡಿಕೊಂಡು ನಿಂತಳು. ಇಲ್ಲದ ತಟ್ಟೆಯೊಂದನ್ನು ಎಡಗೈಯಲ್ಲಿ ಹಿಡಿದು, ಇಲ್ಲದ ನಾರಿನಿಂದ ಎರಡು ಸುತ್ತು ತಿಕ್ಕಿದಳು. ಮೂರನೆಯ ಸುತ್ತಿಗೆ ನಾಚಿಕೆ ಮರೆತಳು. ತಟ್ಟೆ ತಿರುಗಿಸಿ ಅದರ ಬೆನ್ನನ್ನೂ ತಿಕ್ಕಿದಳು. ನಾನು ನೋಡುತ್ತಿದ್ದದ್ದು ಅವಳ ಕೈಯನ್ನಲ್ಲ, ಬೆನ್ನನ್ನು. ಅದು ನೆಟ್ಟಗಿತ್ತು.

"ಇದನ್ನ ಕಟ್ರಿ," ಎಂದೆ ಅಂಗಡಿಯವರಿಗೆ.

ಗೋಣಿಚೀಲ, ಒಣಹುಲ್ಲು, ಹಳೆಯ ಕೌದಿ ಸುತ್ತಿಕೊಂಡು ಸಿಂಕು ಗೂಡ್ಸ್ ಆಟೋದಲ್ಲಿ ಕೂಡ್ಲಿಗಿಗೆ ಬಂತು. ನಾಲ್ಕು ಜನ ಹೊತ್ತು ಪಡಸಾಲೆಯಲ್ಲಿ ಇಳಿಸಿದರು. ಗೋಣಿ ಬಿಚ್ಚುತ್ತಿದ್ದಂತೆ ಓಣಿಯ ನಾಲ್ಕಾರು ಹೆಂಗಸರು ಬಾಗಿಲಿಗೆ ಬಂದರು. ಎಲ್ಲರಿಗಿಂತ ಮುಂದೆ ಎದುರು ಮನೆಯ ಎಮ್ಮೆಯವ್ವ. ಅವರ ಮನೆಯಲ್ಲಿ ಎಮ್ಮೆ ಇರುವುದರಿಂದ ಓಣಿಯಲ್ಲಿ ಅವರಿಗೆ ಅದೇ ಹೆಸರು.

"ಹಿತ್ತಲದಾಗ ಇನ್ನೊಂದು ಕಟ್ಟಸ್ತೀರೇನ್ರಿ?" ಎಂದರು ಅವರು. ಮತ್ತೆ ಅಳತೆ ನೋಡಿ, "ಇಷ್ಟು ದೊಡ್ಡದು ಯಾರಿಗಬೇ?"

ಬಾಗಿಲಲ್ಲಿದ್ದವರೆಲ್ಲ ಸೆರಗು ಬಾಯಿಗಿಟ್ಟುಕೊಂಡರು. ಅಜ್ಜಿ ನಗಲಿಲ್ಲ. ಅವಳಿಗೆ ಅಡುಗೆಮನೆಯೆಂದರೆ ಲಿಂಗಪೂಜೆಯ ನಂತರದ ಎರಡನೆಯ ಪೂಜೆಯ ಜಾಗ. ಸ್ನಾನ ಮಾಡದೆ ಒಲೆಯ ಹತ್ತಿರ ಹೋಗುವುದಿಲ್ಲ. ನಮ್ಮೂರ ಕಡೆ ಹೊಳೆಯುವ ಬಿಳಿ ಪಿಂಗಾಣಿಯ ದೊಡ್ಡ ವಸ್ತುವೆಂದರೆ ಎಲ್ಲರೂ ನೋಡಿರುವುದು ಒಂದೇ.

"ಪಾಯಿಖಾನಿ ಕಲ್ಲು ಅಡಿಗಿಮನಿಗೆ ಬಂದ್ರ ನಾನು ಮನಿ ಬಿಟ್ಟು ಹೋಗಾಕಿ," ಅಂದಳು ಅಜ್ಜಿ.

ನಾನು ವಾದಕ್ಕಿಳಿಯುವವಳಲ್ಲ. ಸ್ನಾನ ಮಾಡಿ ಬಂದೆ. ಅಜ್ಜಿಯ ಉಪ್ಪಿನಕಾಯಿ ಜಾಡಿಗಳಲ್ಲಿ ಖಾಲಿಯಿದ್ದ ಒಂದನ್ನು, ಅವಳ ಎದುರಿಗೇ, ಅಟ್ಟದಿಂದ ಇಳಿಸಿದೆ. ಅದನ್ನು ಸಿಂಕಿನೊಳಗೆ ನಿಲ್ಲಿಸಿದೆ. ಎರಡರ ಬಿಳುಪೂ ಒಂದೇ, ಹೊಳಪೂ ಒಂದೇ.

"ಅಜ್ಜಿ, ಈ ಜಾಡಿನೂ ಮಣ್ಣು, ಅದೂ ಮಣ್ಣು. ಎರಡನ್ನೂ ಬೆಂಕ್ಯಾಗ ಸುಟ್ಟು ಮ್ಯಾಲೆ ಗಾಜಿನ ಪದರ ಕೊಟ್ಟಾರ. ಹುಳಿಗೆ ಜಗ್ಗಂಗಿಲ್ಲ, ಉಪ್ಪಿಗೆ ಜಗ್ಗಂಗಿಲ್ಲ, ಒಳಗ ಏನನ್ನೂ ಹೀರಂಗಿಲ್ಲ. ನಿನ್ನ ಉಪ್ಪಿನಕಾಯಿ ಮೂರು ವರ್ಷ ಕೆಡದಂಗ ಇರಾದು ಇದರಿಂದ."

ಅಜ್ಜಿ ಒಪ್ಪಲಿಲ್ಲ, ಪರೀಕ್ಷೆ ಮಾಡಿದಳು. ಹಳೆಯ ಉಪ್ಪಿನಕಾಯಿಯ ಒಂದು ಹೋಳನ್ನು, ಎಣ್ಣೆ ಖಾರ ಸಮೇತ, ಸಿಂಕಿನ ತಳದಲ್ಲಿಟ್ಟು ಮೇಲೊಂದು ಬಟ್ಟಲು ಕವುಚಿದಳು. ಬೆಳಿಗ್ಗೆಯಿಂದ ಸಂಜೆಯವರೆಗೆ ಯಾರನ್ನೂ ಮುಟ್ಟಗೊಡಲಿಲ್ಲ. ಸಂಜೆ ಬಟ್ಟಲು ತೆಗೆದು, ಒದ್ದೆ ಬಟ್ಟೆಯಿಂದ ಒರೆಸಿ, ಕಿಟಕಿಯ ಬೆಳಕಿಗೆ ತಲೆ ಓರೆ ಮಾಡಿ ನೋಡಿದಳು. ಕಲೆ ಇರಲಿಲ್ಲ.

"ಹಂಗಾದ್ರ ಇದು ಜಾಡಿ ಬಳಗದ್ದು ಅನ್ನು," ಅಂದಳು.

"ಜಾಡಿ ಬಳಗದ್ದು," ಎಂದು ನಾನೂ ಒತ್ತಿ ಹೇಳಿದೆ. ಅವತ್ತು ನನಗೆ ನನ್ನ ಓದಿನ ಬಗ್ಗೆ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೆಮ್ಮೆಯಾಗಿತ್ತು.

ಆಮೇಲಿನದು ಮನೆ ಕಟ್ಟುವ ಗೌಂಡಿಯ ಜೊತೆಗಿನ ಲೆಕ್ಕ. ಅವರು ನಮ್ಮ ಊರಿನ ಹಳೆಯ ಕೆಲಸಗಾರರು, ಕೈ ಒಳ್ಳೆಯದು. ಆದರೆ ಅವರ ಕಟ್ಟೆಗೆ ಒಂದೇ ಎತ್ತರ.

"ಮೇಡಮ್ಮಾರ, ಕೂಡ್ಲಿಗ್ಯಾಗ ಅರ್ಧ ಅಡಿಗಿಮನಿ ನಾನಾ ಕಟ್ಟೀನಿ. ಕಟ್ಟಿ ಅಂದ್ರ ಮೂವತ್ತೆರಡು ಇಂಚು."

"ಇದು ಮೂವತ್ನಾಲ್ಕು ಆಗಬೇಕು."

"ಎರಡು ಇಂಚಿನಾಗ ಏನೈತ್ರಿ? ಮ್ಯಾಲಾಗಿ ನಿಮ್ಮವ್ವ ಗಿಡ್ಡ ಅದಾಳ. ಗಿಡ್ಡ ಇದ್ದೋರಿಗೆ ಕಟ್ಟಿ ಗಿಡ್ಡ ಇರಬೇಕು."

"ಏ ಗೌಂಡ್ಯಣ್ಣ, ಯಾರಿಗೆ ಗಿಡ್ಡ ಅಂತೀ?" ಎಂದು ಅವ್ವ ಒಳಗಿನಿಂದ ಕೂಗಿದಳು. "ನಿನ್ನ ಹೇಣ್ತಿಗಿಂತ ನಾಕು ಬೆರಳು ಎತ್ತರ ಅದೀನಿ, ಬೇಕಾದ್ರ ಕರಕೊಂಡು ಬಾ, ಜೋಡಿ ನಿಂದ್ರತೀನಿ."

ಕೈ ಕೆಲಸ ಮಾಡುವುದು ಸಿಂಕಿನ ಅಂಚಿನಲ್ಲಲ್ಲ, ತಳದಲ್ಲಿ. ಅಂಚು ಮೂವತ್ನಾಲ್ಕಿದ್ದರೆ ತಳ ಇಪ್ಪತ್ತೈದಕ್ಕೆ ಬರುತ್ತದೆ. ಅವ್ವ ನೆಟ್ಟಗೆ ನಿಂತು ಕೈ ಇಳಿಬಿಟ್ಟರೆ ಬೆರಳ ಗೆಣ್ಣು ಅಷ್ಟಕ್ಕೇ ಬರುತ್ತದೆ ಎಂದು ವಿವರಿಸಿದೆ. ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದು ಕೊಟ್ಟೂರಿಗೆ ಹೋದೆ. ಸಂಜೆ ಬಂದು ಟೇಪು ಹಿಡಿದರೆ ಮೂವತ್ತೆರಡೇ ಇತ್ತು. ಗೌಂಡಿಯ ಕೈ ಗೆರೆಯ ಮಾತು ಕೇಳಿರಲಿಲ್ಲ, ಅಭ್ಯಾಸದ ಮಾತು ಕೇಳಿತ್ತು.

"ಹಸಿ ಐತಿ. ಈಗಲೇ ಎತ್ತಸ್ರಿ," ಎಂದೆ.

ಅವರು ನನ್ನ ಮುಖ ನೋಡಿದರು. ನಾನು ದನಿ ಎತ್ತಿರಲಿಲ್ಲ. ಬಹುಶಃ ಅದಕ್ಕೇ ಅವರಿಗೆ ಜಗಳವಾಡಲು ಏನೂ ಸಿಗಲಿಲ್ಲ. ಎತ್ತಿಸಿದರು.

ಹೊಸ ಅಡುಗೆಮನೆಯಲ್ಲಿ ಹಾಲುಕ್ಕಿಸಿದ ಮೂರನೆಯ ದಿನ ನಮ್ಮ ಓಣಿಗೆ ನಳದ ನೀರು ಬಂತು. ನಮ್ಮಲ್ಲಿ ನೀರು ದಿನಾ ಬರುವುದಿಲ್ಲ. ಬಂದ ದಿನ ಮನೆಯಲ್ಲಿರುವ ಕೊಡ, ಬಕೆಟ್ಟು, ಅನ್ನದ ಪಾತ್ರೆ, ಚೆಂಬು ಎಲ್ಲ ತುಂಬುತ್ತವೆ. ನೀರು ಹಿಡಿಯುವ ವಸ್ತುವೊಂದು ಅವತ್ತು ಖಾಲಿ ಕೂತಿದ್ದರೆ ಅದನ್ನು ನೋಡಿದವರ ಕೈ ಸುಮ್ಮನಿರುವುದಿಲ್ಲ.

ಸಂಜೆ ನಾನು ಒಳಗೆ ಕಾಲಿಟ್ಟಾಗ ಅಡುಗೆಮನೆ ತಂಪಾಗಿತ್ತು. ಸಿಂಕಿನ ತೂತಿಗೆ ಬಿರಡೆ ಬಿಗಿದು, ಅಂಚಿನವರೆಗೂ ನೀರು ತುಂಬಿ, ಮೇಲೆ ಅಜ್ಜಿಯ ಮಡಿ ಬಟ್ಟೆಯೊಂದನ್ನು ಹೊದಿಸಿದ್ದರು. ಬಟ್ಟೆಯ ಮೇಲೆ ನೀರು ತೋಡುವ ತಂಬಿಗೆ. ನಾನು ಅವ್ವನ ಹೊಟ್ಟೆಗೆ ತಾಗಲೆಂದು ಹುಡುಕಿ ತಂದಿದ್ದ ಆ ಮುಂಗೋಡೆಯ ಮೇಲೆ ಅಜ್ಜಿಯ ಮೂರು ಬೆರಳಿನ ವಿಭೂತಿ ಪಟ್ಟೆ.

ಹಿತ್ತಲಿಂದ ನಾರು ತಿಕ್ಕುವ ಸದ್ದು ಬರುತ್ತಿತ್ತು. ಸದ್ದು ನಿಂತಿತು. ಕಿಟಕಿಯಿಂದ ನೋಡಿದೆ. ಅವ್ವ ಎಡಗೈಯನ್ನು ಗೋಡೆಗೆ ಊರಿ, ಒಂದು ಮಂಡಿಯನ್ನು ಮೊದಲು, ಇನ್ನೊಂದನ್ನು ಆಮೇಲೆ ನೆಟ್ಟಗೆ ಮಾಡಿ ಎದ್ದಳು.

"ಎಂಟು ಕೊಡ ಹಿಡೀತು ನೋಡವಾ!" ಎಂದಳು ಅಜ್ಜಿ ಸಂಭ್ರಮದಿಂದ. "ನೀನಾ ಹೇಳಿದ್ದಿ, ಜಾಡಿ ಬಳಗದ್ದು ಅಂತ. ಜಾಡ್ಯಾಗ ಯಾರಾರ ಮುಸುರಿ ಹಾಕ್ತಾರೇನು? ಕುಡದು ನೋಡು, ಎಷ್ಟು ತಂಪದಾವ."

ನಾನು ಗೆದ್ದ ವಾದ ನನ್ನನ್ನೇ ಸೋಲಿಸಿತ್ತು. ಒಂದು ಲೋಟ ಕುಡಿದೆ. ನೀರು ನಿಜವಾಗಿಯೂ ತಂಪಾಗಿತ್ತು.

"ಇಷ್ಟು ಬೆಳ್ಳಗ ಐತಿ, ಮುಸುರಿ ಹಾಕಾಕ ಕೈ ಬರವಲ್ದು," ಎಂದಳು ಅವ್ವ, ನನ್ನ ಮುಖ ನೋಡದೆ.

ಸಣ್ಣಪುಟ್ಟ ಕೆಲಸ ಉಳಿದಿದ್ದರಿಂದ ಗೌಂಡಿ ಮರುದಿನವೂ ಬಂದರು. ವಿಷಯ ತಿಳಿದು ಅವರಿಗೆ ಬಹಳ ಖುಷಿಯಾಯಿತು. ಆಮೇಲೆ, ನನ್ನ ಮೇಲೆ ಕನಿಕರದಿಂದಲೋ ಏನೋ, ಹಿತ್ತಲ ಕಲ್ಲನ್ನು ತೋರಿಸಿ ದನಿ ತಗ್ಗಿಸಿದರು. "ಅವ್ವಾರು ಅಂಗನವಾಡಿಗೆ ಹೋದಾಗ ಇದನ್ನ ಕಿತ್ತು ಬಿಡ್ಲೇನ್ರಿ? ಆಮ್ಯಾಲೆ ಎಲ್ಲಿ ಕುಂದ್ರತಾರ ನೋಡೂಣು."

ಒಂದು ಕ್ಷಣ ಬೇಕೆನಿಸಿತು. ಬೇಡ ಎಂದೆ. ಆ ಕಲ್ಲು ಅವ್ವ ಈ ಮನೆಗೆ ಬಂದ ದಿನದಿಂದ ಅವಳದು. ಅವಳಿಲ್ಲದಾಗ ಅವಳ ವಸ್ತುವನ್ನು ಮುಟ್ಟುವುದು ನನಗೆ ಹಿಡಿಸಲಿಲ್ಲ. ಅದಲ್ಲದೆ ಬೇರೊಂದು ಅನುಮಾನವೂ ಹುಟ್ಟಿತ್ತು. "ಬೆಳ್ಳಗ ಐತಿ" ಎಂಬುದು ಅವ್ವನ ಪೂರ್ತಿ ಕಾರಣವಲ್ಲ. ಪೂರ್ತಿ ಕಾರಣ ಹೇಳುವಾಗ ಅವಳು ಮುಖ ನೋಡಿಯೇ ಹೇಳುತ್ತಾಳೆ.

ಭಾನುವಾರ ಬೆಳಿಗ್ಗೆ ಹಿತ್ತಲಿಗೆ ಹೋಗಿ ಅವ್ವನ ಪಕ್ಕ ಒಂದು ಇಟ್ಟಿಗೆಯ ಮೇಲೆ ಕೂತೆ. ಅವಳು ಪಾತ್ರೆ ತೊಳೆಯುವುದನ್ನು ಹುಟ್ಟಿದಾಗಿನಿಂದ ಕಂಡಿದ್ದೆ. ಗಮನವಿಟ್ಟು ನೋಡಿದ್ದು ಅವತ್ತೇ.

ಮೊದಲು ಪ್ರತಿ ತಟ್ಟೆಗೂ ಒಂದು ಬೊಗಸೆ ನೀರು ಹಾಕಿ, ಬೆರಳಲ್ಲಿ ಸವರಿ, ಆ ನೀರನ್ನು ಪಕ್ಕದ ಹಳೆಯ ಬಕೆಟ್ಟಿಗೆ ಬಿಟ್ಟಳು. ಅದರಲ್ಲಾಗಲೇ ಅಕ್ಕಿ ತೊಳೆದ ನೀರಿತ್ತು, ಬದನೆಕಾಯಿಯ ತೊಟ್ಟುಗಳಿದ್ದವು. ಸಾರಿನ ಪಾತ್ರೆಯ ತಳ, ಮಜ್ಜಿಗೆಯ ಗಡಿಗೆಯ ಗೋಡೆ, ಎಲ್ಲವೂ ಬೊಗಸೆ ನೀರಲ್ಲಿ ಬಳಿದು ಅಲ್ಲಿಗೇ ಹೋದವು. ಪುಡಿ ಹಾಕಿ ತಿಕ್ಕಿದ್ದು ಆಮೇಲೆ. ತಿಕ್ಕಿದ್ದನ್ನು ಮೊದಲ ಬೋಗುಣಿಯಲ್ಲಿ ಅದ್ದಿದಳು, ಎರಡನೆಯದರಲ್ಲಿ ಅದ್ದಿ ತೆಗೆದಳು. ಮೂವರ ಮನೆಯ ಪಾತ್ರೆಗೆ ಅರ್ಧ ಬಕೆಟ್ಟು ನೀರು ಸಾಕಾಯಿತು. ಇದೇ ಪಾತ್ರೆಯನ್ನು ಸಿಂಕಿನ ನಳ ಬಿಟ್ಟು ತೊಳೆದಿದ್ದರೆ ಮೂರು ಬಕೆಟ್ಟು ಹೋಗುತ್ತಿತ್ತು.

ಅಷ್ಟರಲ್ಲಿ ಎಮ್ಮೆಯವ್ವ ಹಿತ್ತಲ ಬಾಗಿಲಿಂದ ಬಂದು ಕಲಗಚ್ಚಿನ ಬಕೆಟ್ಟು ಎತ್ತಿಕೊಂಡರು. ಅವರ ಎಮ್ಮೆ ದಿನಾ ಕುಡಿಯುವುದು ಅದನ್ನೇ. ನಮ್ಮ ಮನೆಗೆ ಮಜ್ಜಿಗೆ ಬರುವುದೂ ಆ ಎಮ್ಮೆಯಿಂದಲೇ.

"ಹೊಸ ತೊಟ್ಟಿ ಬಂತು, ಇನ್ನ ನಮ್ಮೆಮ್ಮಿಗೆ ಉಪಾಸ ಅಂದಕೊಂಡಿದ್ದೆ," ಎಂದರು ನನ್ನನ್ನು ನೋಡಿ. "ನಿಮ್ಮವ್ವ ದೊಡ್ಡ ಮನಸ್ಸಿನಾಕಿ."

ಅವರು ಹೋದ ಮೇಲೆ ಅವ್ವ ನನ್ನ ಮುಖ ನೋಡಿದಳು. "ನಿನ್ನ ಸಿಂಕಿನಾಗ ತೊಳದ್ರ ಆ ನೀರು ಎಲ್ಲಿ ಹೋಕ್ಕೈತಿ? ಗಟಾರಕ್ಕ. ಮೂಕ ಪ್ರಾಣಿ ಬಾಯಾಗಿಂದು ಕಸದು ಗಟಾರಕ್ಕ ಹಾಕಿ, ಅವರ ಮನಿ ಮಜ್ಜಿಗಿ ಯಾವ ಮುಖ ಇಟಗೊಂಡು ಉಣ್ಣಾದು? ನಿನಗ ಹೇಳಿದ್ರ ಬೇಜಾರು ಮಾಡಕೊಂತಿ. ಅಷ್ಟು ದೂರದಿಂದ ತಂದೀಯ."

ನಾನು ಅಳೆದದ್ದು ಅವ್ವನ ಎತ್ತರವನ್ನು. ಅವಳ ಕೆಲಸವನ್ನು ಅಳೆದಿರಲಿಲ್ಲ. ತಪ್ಪು ಸಿಂಕಿನದಾಗಿರಲಿಲ್ಲ, ಹಾಗಾಗಿ ಸಿಂಕನ್ನು ಬಿಟ್ಟುಕೊಡುವ ಪ್ರಶ್ನೆಯೂ ಇರಲಿಲ್ಲ. ಅವ್ವ ಹೇಗೆ ತೊಳೆಯುತ್ತಾಳೋ ಹಾಗೇ ತೊಳೆಯುವಂತೆ ಆಗಬೇಕು, ನಿಂತುಕೊಂಡು. ಅಷ್ಟೇ.

ಗೌಂಡಿಯನ್ನು ಮತ್ತೆ ಕರೆಸಿದೆ. ಸಿಂಕಿನ ಬಲಪಕ್ಕದಲ್ಲಿರುವ ಅಡುಗೆಮನೆಯ ಗೋಡೆಗೆ, ಸಿಂಕಿನ ಅಂಚಿನ ಮಟ್ಟದಲ್ಲೇ ಒಂದು ತೂತು ಕೊರೆದು, ಅಗಲ ಬಾಯಿಯ ಪೈಪೊಂದನ್ನು ಹೊರಕ್ಕೆ ಇಳಿಸಬೇಕೆಂದೆ. ಮೊದಲ ಬೊಗಸೆ ನೀರನ್ನು ಅದಕ್ಕೆ ಸುರಿದರೆ ಹಿತ್ತಲಲ್ಲಿಟ್ಟ ಬಕೆಟ್ಟಿಗೆ ಹೋಗಿ ಬೀಳಬೇಕು. ಪುಡಿಯ ನೀರು ಮಾತ್ರ ಸಿಂಕಿನ ತೂತಿನಿಂದ ಗಟಾರಕ್ಕೆ.

ಗೌಂಡಿ ಉಳಿ ಕೆಳಗಿಟ್ಟು ನಕ್ಕರು. "ಮೂವತ್ತು ವರ್ಷದ ಕೆಲಸದಾಗ ಎಮ್ಮಿಗೆ ನಳ ಹಾಕಿದ್ದು ಇದಾ ಮೊದಲು ನೋಡ್ರಿ."

"ಎತ್ತರ ಸರಿ ನೋಡ್ರಿ," ಎಂದೆ.

"ಎಮ್ಮಿದೋ, ಅವ್ವಾರದೋ?"

"ಯಪ್ಪಾ, ನಿನ್ನ ಬಾಯಿಗೆ ಮೊದಲು ಸಿಮೆಂಟ್ ಹಾಕಬೇಕು," ಎಂದಳು ಅವ್ವ.

ಅಜ್ಜಿಯ ನೀರಿನದು ಉಳಿದಿತ್ತು. ಕೊಟ್ಟೂರಿನ ಸಂತೆಯಲ್ಲಿ ದೊಡ್ಡ ಬಾಯಿಯ ಮಣ್ಣಿನ ಹರವಿಯೊಂದನ್ನು ಕೊಂಡು, ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದೆ. ಅಜ್ಜಿಗೆ ಏನೂ ಹೇಳದೆ ಮೂಲೆಯಲ್ಲಿ ಮರಳು ಹಾಕಿ ಕೂರಿಸಿ ನೀರು ತುಂಬಿದೆ. ಎರಡು ದಿನ ಅಜ್ಜಿ ಎರಡೂ ಕಡೆಯ ನೀರನ್ನು ಕುಡಿದು ನೋಡಿದಳು. ಮೂರನೆಯ ದಿನ ಹರವಿಯ ಕೊರಳಿಗೆ ವಿಭೂತಿ ಬಿತ್ತು. ಸಿಂಕಿನ ಮೇಲಿನ ಪಟ್ಟೆಯನ್ನು ಅಜ್ಜಿ ತಾನೇ ಒರೆಸಿದಳು. ತಳದಲ್ಲಿ ಉಳಿದ ನೀರನ್ನು ಬಿರಡೆ ಎಳೆದು ಬಿಟ್ಟಿದ್ದು ಮಾತ್ರ ನಾನು. ಅದೂ ಉಳಿದದ್ದನ್ನೆಲ್ಲ ಅವ್ವ ಕೊಡ ಕೊಡವಾಗಿ ತೋಡಿಕೊಂಡ ಮೇಲೆ.

ಬಡಗಿಯಿಂದ ಬೇವಿನ ಪಟ್ಟಿಗಳ ಒಂದು ಹಲಗೆ ಮಾಡಿಸಿ ಸಿಂಕಿನ ತಳಕ್ಕೆ ಹಾಕಿದೆ. ಅದರ ಮೇಲೆ ಅವ್ವನವೇ ಎರಡು ಬೋಗುಣಿಗಳನ್ನು ಇಟ್ಟೆ. ಪಕ್ಕಪಕ್ಕದಲ್ಲಿ ಸರಿಯಾಗಿ ಕೂತವು. ಎಲ್ಲ ಸಿದ್ಧವಾಯಿತು. ಅವ್ವ ಬಂದು ನೋಡಿದಳು, ಚಲೋ ಆಗೇತಿ ಎಂದಳು, ಮುಸುರೆ ಪಾತ್ರೆ ಎತ್ತಿಕೊಂಡು ಹಿತ್ತಲಿಗೆ ಹೋದಳು. ಇಪ್ಪತ್ತೇಳು ವರ್ಷ ಆ ಕಲ್ಲಿನ ಕಡೆಗೇ ನಡೆದ ಕಾಲುಗಳು ಹಾಗೇ ಬೇರೆ ಕಡೆ ತಿರುಗುವುದಿಲ್ಲ.

ಮರುದಿನದಿಂದ ನಾನು ಅರ್ಧ ಗಂಟೆ ಬೇಗ ಎದ್ದು ಅವ್ವನಿಗಿಂತ ಮೊದಲು ಸಿಂಕಿನ ಮುಂದೆ ನಿಂತೆ. ಮೊದಲ ನೀರು ಪೈಪಿಗೆ, ತಿಕ್ಕುವುದು, ಒಂದು ಅದ್ದು, ಇನ್ನೊಂದು ಅದ್ದು. ಎತ್ತರ ಅವ್ವನ ಅಳತೆಯದು, ನಾನು ಅವಳಿಗಿಂತ ಉದ್ದ, ಹಾಗಾಗಿ ನನಗೆ ಬೆನ್ನು ಬಾಗುತ್ತಿತ್ತು. ಅವ್ವ ಹಿಂದೆ ನಿಂತು, ನಾನು ಬೋರಲು ಹಾಕಿದ ತಂಬಿಗೆಯನ್ನು ಎತ್ತಿ ಮೂಸಿ ನೋಡಿದಳು.

"ಇದನ್ನ ತೊಳದೀಯೋ, ಸವರೀಯೋ?"

"ತೊಳದೀನಿ."

"ಎಂ.ಎಸ್ಸಿ.ಯಾಗ ಇಷ್ಟಾ ಕಲಿಸಿದ್ರೇನು?"

ಎರಡನೆಯ ದಿನ ಸಾರಿನ ಸೌಟಿನ ಬೆನ್ನಿಗೆ ಜಿಡ್ಡು ಉಳಿದಿತ್ತು. ಅದು ನನ್ನ ಕೈಲಾಗದ್ದರಿಂದ. ಮೂರನೆಯ ದಿನವೂ ಉಳಿದಿತ್ತು. ಅದು ನಾನು ಬೇಕೆಂದೇ ಬಿಟ್ಟದ್ದು. ಇದನ್ನು ಅವ್ವನಿಗೆ ಇವತ್ತಿನವರೆಗೂ ಹೇಳಿಲ್ಲ.

"ಸರಿ ಅತ್ತಾಗ!" ಎಂದು ಅವ್ವ ನನ್ನನ್ನು ಮೊಣಕೈಯಿಂದ ತಳ್ಳಿ ಸಿಂಕಿನ ಮುಂದೆ ನಿಂತಳು. "ನಾಳೆ ಯಾರಾರ ಬಂದು ಇಂಥಾ ಸೌಟಿನಾಗ ಸಾರು ಹಾಕಿಸಿಕೊಂಡ್ರ ನನ್ನ ಮಾನ ಹೋಕ್ಕೈತಿ, ನಿಂದಲ್ಲ."

ಸೌಟು ತಿಕ್ಕಿದಳು. ಕೈಗೆ ಬಂತೆಂದು ಅನ್ನದ ಪಾತ್ರೆ ತಿಕ್ಕಿದಳು. ಆಮೇಲೆ ತಟ್ಟೆಗಳು. ಮೊದಲ ನೀರನ್ನು ಪೈಪಿಗೆ ಸುರಿದಾಗಲೆಲ್ಲ ಕಿಟಕಿಯಿಂದ ಬಗ್ಗಿ, ಬಕೆಟ್ಟಿಗೇ ಬಿತ್ತೋ ಇಲ್ಲವೋ ನೋಡಿದಳು. ನಾನು ಬಸ್ಸಿಗೆ ತಡವಾದರೂ ಬಾಗಿಲ ಹತ್ತಿರ ವ್ಯಾನಿಟಿ ಬ್ಯಾಗು ಹುಡುಕುವವಳಂತೆ ನಿಂತಿದ್ದೆ. ಕೊನೆಯ ತಾಟು ಬೋರಲು ಹಾಕಿ ಮುಗಿದಾಗ ಅವ್ವನ ಎಡಗೈ ತನ್ನಷ್ಟಕ್ಕೆ ಪಕ್ಕಕ್ಕೆ ಹೋಯಿತು, ಗೋಡೆ ಹುಡುಕಿಕೊಂಡು. ಅಲ್ಲಿ ಗೋಡೆ ಇರಲಿಲ್ಲ. ಏಳಬೇಕಾಗಿಯೂ ಇರಲಿಲ್ಲ. ಕೈ ಒಂದು ಗಳಿಗೆ ಹಾಗೇ ಗಾಳಿಯಲ್ಲಿ ನಿಂತಿತು. ಅವಳು ಅದನ್ನು ಸೆರಗಿಗೆ ಒರೆಸಿಕೊಂಡಳು.

ಇದಾಗಿ ಎರಡು ವರ್ಷ. ಬಿಳಿ ಸಿಂಕಿನ ಜೊತೆ ಬಾಳುವುದು ಸುಲಭವೆಂದು ನಾನು ಯಾರಿಗೂ ಹೇಳುವುದಿಲ್ಲ. ನಳ ಬಾರದ ದಿನಗಳಲ್ಲಿ ಬೋರಿನ ನೀರು. ಅದರಲ್ಲಿ ಸುಣ್ಣದ ಅಂಶ ಹೆಚ್ಚು. ತೂತಿನ ಸುತ್ತ ಬೂದು ಬಣ್ಣದ ಹರಳು ಕಟ್ಟುತ್ತದೆ. ಅದಕ್ಕೆ ಯಾವ ಆಮ್ಲ ಎಷ್ಟು ಪ್ರಮಾಣದಲ್ಲಿ ಹಾಕಬೇಕೆಂದು ನಾನು ಲೆಕ್ಕ ಹಾಕುತ್ತಿದ್ದಾಗ ಅವ್ವ ಸಾರಿಗೆ ಹಿಂಡಿ ಉಳಿದ ಹುಣಸೆಯ ಸಿಪ್ಪೆಯನ್ನು ಅದರ ಮೇಲೆ ಮೆತ್ತಿ, ಪೂಜೆ ಮುಗಿಸಿ ಬಂದು ತಿಕ್ಕಿದಳು. ಹೋಯಿತು. ಕಬ್ಬಿಣದ ರೊಟ್ಟಿ ಹಂಚು ತಾಗಿದಲ್ಲೆಲ್ಲ ಪೆನ್ಸಿಲಿನಂಥ ಗೆರೆ ಬೀಳುತ್ತದೆ. ಅದಕ್ಕೆ ಜರಡಿ ಹಿಡಿದ ಬೂದಿ. ಚಹಾ, ಅರಿಷಿಣ, ಬೀಟ್‌ರೂಟು ಯಾವುದೂ ಉಳಿಯುವುದಿಲ್ಲ. ಒಮ್ಮೆ ನನ್ನ ಕೈಯಿಂದ ಹಿತ್ತಾಳೆಯ ಕೊಳಗ ಜಾರಿ ಅಂಚಿನಲ್ಲಿ ಶೇಂಗಾ ಬೀಜದಷ್ಟು ಚಕ್ಕೆ ಹಾರಿತು. ನನಗೆ ಅಳುವೇ ಬಂದಿತ್ತು. ಅಜ್ಜಿ ಬಂದು, ಹಾರಿದ ಜಾಗವನ್ನು ಉಗುರಲ್ಲಿ ಕೆರೆದು ನೋಡಿ, "ಖರೇ ಹೇಳಿದ್ದಿ ಬಿಡು, ಒಳಗ ಮಣ್ಣೇ ಐತಿ," ಎಂದು ಸಮಾಧಾನದಿಂದ ಹೋದಳು. ಅಷ್ಟು ದಿನ ಅವಳಿಗೆ ಆ ಅನುಮಾನ ಉಳಿದೇ ಇತ್ತೆಂದು ಆಗ ತಿಳಿಯಿತು.

ಗೌಂಡಿ ಈಗ ಹರಪನಹಳ್ಳಿಯಲ್ಲಿ ಒಂದು ಮನೆ ಕಟ್ಟುತ್ತಿದ್ದಾರೆ. ಅಲ್ಲಿನವರನ್ನು ನಮ್ಮ ಅಡುಗೆಮನೆ ತೋರಿಸಲು ಕರೆತಂದಿದ್ದರು. "ಮೂವತ್ನಾಲ್ಕು ಇಂಚು. ಕೆಲಸ ಆಗಾದು ತಳದಾಗ್ರಿ, ಅಂಚಿನಾಗಲ್ಲ," ಎಂದು ವಿವರಿಸುತ್ತಿದ್ದರು. ನಾನು ಒಳಕೋಣೆಯಲ್ಲಿ ಉತ್ತರಪತ್ರಿಕೆ ನೋಡುತ್ತಿದ್ದೆ, ಹೊರಗೆ ಬರಲಿಲ್ಲ.

ಅಂಗನವಾಡಿಯಲ್ಲಿ ಅವ್ವ ತಟ್ಟೆ ತೊಳೆಯುವ ಕಲ್ಲು ನನ್ನ ಕೈಯಲ್ಲಿಲ್ಲ ಎಂದುಕೊಂಡಿದ್ದೆ. ಒಂದು ದಿನ ಊಟದ ಮಧ್ಯೆ ಅವ್ವ, ಬೇರೇನೋ ಹೇಳುತ್ತ ಹೇಳುತ್ತ, "ಅಲ್ಲೂ ಟಬ್ಬನ್ನ ಕಟ್ಟಿ ಮ್ಯಾಲೆ ಇಟಗೊಂಡೀನಿ, ನಿಂತಾ ತೊಳಿತೀನಿ," ಅಂದಳು. ನಾನು ಹೂಂ ಎಂದೆ.

ಹಿತ್ತಲ ಕಲ್ಲು ಅಲ್ಲೇ ಇದೆ. ಹಬ್ಬದ ದಿನ ಹೋಳಿಗೆಯ ಹೂರಣ ಬೇಯಿಸಿದ ದೊಡ್ಡ ಪಾತ್ರೆ, ನೆಂಟರು ಬಂದಾಗಿನ ಕೊಪ್ಪರಿಗೆ ಸಿಂಕಿನಲ್ಲಿ ಹಿಡಿಯುವುದಿಲ್ಲ. ಅವನ್ನು ಕಲ್ಲಿನ ಮೇಲೇ ತೊಳೆಯಬೇಕು. ಅದನ್ನು ನಾನು ಮಾಡುತ್ತೇನೆ. ಅವ್ವ ಬಾಗಿಲಲ್ಲಿ ನಿಂತು ತಪ್ಪು ಹುಡುಕುತ್ತಾಳೆ.

ಈ ಯುಗಾದಿಗೆ ಹಿತ್ತಲ ಗೋಡೆಗೆ ಸುಣ್ಣ ಹಚ್ಚಿಸಿದೆವು. ಗೋಡೆ ಬಹಳ ದಿನ ಬೆಳ್ಳಗೇ ಇತ್ತು. ಮೊನ್ನೆ ನೆಂಟರು ಹೋದ ಮೇಲೆ ಕೊಪ್ಪರಿಗೆ ತೊಳೆದು ಎದ್ದಾಗ, ಹಳೆಯ ಜಾಗಕ್ಕಿಂತ ಒಂದು ಗೇಣು ಮೇಲೆ, ಮಸುಕಾದ ಗುರುತೊಂದು ಕಂಡಿತು. ನಾನಿಲ್ಲದಾಗ ಅವ್ವ ಮತ್ತೆ ಕೂರುತ್ತಿದ್ದಾಳೇನೋ ಎಂದು ಹತ್ತಿರ ಹೋಗಿ ನನ್ನ ಎಡಗೈಯನ್ನು ಅದರ ಮೇಲಿಟ್ಟು ನೋಡಿದೆ. ಸರಿಯಾಗಿ ಕೂತಿತು. ನನ್ನದೇ ಕೈ. ಅಂಗೈಯಲ್ಲ, ಬೆರಳ ತುದಿಗಳಷ್ಟೇ.